ಸೂಕ್ತ ಅಭ್ಯರ್ಥಿ ಇಲ್ಲ

೧೪ ಜುಲೈ ೨೦೦೮, ಸೋಮವಾರ

ಮತ್ತೆ ಆಸ್ಪತ್ರೆ ಸಮಿತಿ. ಉಪ್ಪಿಟ್ಟು ಮೊದಲು, ವಿಷಯ ಆಮೇಲೆ. ಹೆಸರಿಗೆ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಗಂಡಸರ ತೊಂದರೆ ನೋಡುವ ಯೂರಾಲಜಿಸ್ಟ್ ಇಲ್ಲ. ಸಮಿತಿಯ ನಾಗರಿಕ ಪ್ರತಿನಿಧಿಯಾಗಿ ಎರಡು ವರ್ಷದಲ್ಲಿ ಹನ್ನೊಂದು ಪತ್ರ ಬರೆದಿದ್ದೇನೆ. ಇವತ್ತು ಒಪ್ಪಿದರು. ಜಾಹೀರಾತು ಕೊಡುತ್ತಾರಂತೆ.

ಸಂಜೆ ಭದ್ರಾವತಿಗೆ ಹೋಗಿ ತಂಗಿ ಮಗ ಸತೀಶನಿಗೆ ಹೇಳಿದೆ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಹೆಂಡತಿ ಸುಪ್ರಿಯಾಳನ್ನು ಐವರು ಡಾಕ್ಟರು ಪರೀಕ್ಷಿಸಿದ್ದಾರೆ. ಇವನನ್ನು ಒಬ್ಬರೂ ಇಲ್ಲ. ತಂಗಿ ಬಂಗಾರಮ್ಮ ದೀಪಾವಳಿವರೆಗೆ ಗಡುವು ಕೊಟ್ಟಿದ್ದಾಳೆ — ಆಮೇಲೆ ಸೊಸೆ ತವರಿಗೆ, ಮಗನಿಗೆ ಇನ್ನೊಂದು ಹೆಣ್ಣು.

"ಡಾಕ್ಟರ್ ಬರ್ಲಿ, ಮೊದಲ್ನೇ ಚೀಟಿ ನಿಂದೇ ಕಣೋ."

"ಚೀಟಿ ಮೇಲೆ ಹೆಸರು ಬರೆಸ್ಬೇಡಿ ಮಾವ."

ನಕ್ಕೆವು.

೯ ಸೆಪ್ಟೆಂಬರ್

ಬಂದದ್ದು ಒಂದೇ ಅರ್ಜಿ. ಡಾ. ಜಗದಾಂಬಾ. ಗಂಡಸರ ಚಿಕಿತ್ಸೆಯಲ್ಲೇ ಹನ್ನೆರಡು ವರ್ಷ. ಸಂದರ್ಶನಕ್ಕೆ ಆಕೆ ಒಳಗೆ ಬಂದಾಗ ಎಲ್ಲರೂ ಮೇಜು ನೋಡಿದರು.

ಅಧ್ಯಕ್ಷ ಶಿವಶಂಕರಪ್ಪ: "ಅಲ್ಲಮ್ಮಾ, ನಮ್ ಕಡೆ ಗಂಡಸ್ರು ನಿಮ್ ಮುಂದೆ ಪಂಚೆ ಬಿಚ್ತಾರಾ?"

"ನಿಮ್ಮ ಹೆರಿಗೆ ವಾರ್ಡಲ್ಲಿ ಮೂರು ಜನ ಗಂಡು ಡಾಕ್ಟರಿದ್ದಾರೆ ಸರ್. ಅವರನ್ನೂ ಹೀಗೇ ಕೇಳಿದ್ರಾ?"

ನನಗೆ ೧೯೭೬ ನೆನಪಾಯಿತು. ತುರ್ತು ಪರಿಸ್ಥಿತಿಯ ಕಾಲ; ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಗಂಡಸರನ್ನು ಲಾರಿಯಲ್ಲಿ ತುಂಬಿ ತಂದಿದ್ದರು, ಸಾಲಾಗಿ ನಿಲ್ಲಿಸಿದ್ದರು. ನಾಚಿಕೆಯ ಮಾತು ಯಾರೂ ಎತ್ತಲಿಲ್ಲ. ಅದನ್ನು ಹೇಳಬಹುದಿತ್ತು. ಎಲ್ಲರೂ ನನ್ನತ್ತ ತಿರುಗಿದರು.

"ಜನ ಒಪ್ಪೋದು ಕಷ್ಟ" ಎಂದೆ.

'ಸೂಕ್ತ ಅಭ್ಯರ್ಥಿ ಇಲ್ಲ' — ನಡಾವಳಿಯಲ್ಲಿ ಆ ಸಾಲು ಬರೆದವನೂ ನಾನೇ. ನನ್ನ ಕನ್ನಡ ಚೆನ್ನಾಗಿದೆಯಂತೆ.

೩೧ ಅಕ್ಟೋಬರ್

ಹಬ್ಬ ಮುಗಿಯಿತು. ಸುಪ್ರಿಯಾ ತವರಿಗೆ, ಹೊಳಲೂರಿಗೆ. ಎರಡು ಸೂಟ್‌ಕೇಸ್, ಒಂದು ಹೊಲಿಗೆ ಮಿಷನ್. ಬಂಗಾರಮ್ಮ ಬಾಗಿಲಿಗೂ ಬರಲಿಲ್ಲವಂತೆ.

೧೬ ನವೆಂಬರ್, ಭಾನುವಾರ

ಸುಪ್ರಿಯಾ ಫೋನ್ ಮಾಡಿದ್ದಳು.

"ಮಾವ, ಇಂಟರ್‌ವ್ಯೂಗೆ ಬಂದಿದ್ರಂತಲ್ಲ, ಆ ಲೇಡಿ ಡಾಕ್ಟರ್ ಈಗ ಎಲ್ಲಿದ್ದಾರೆ? ಇವ್ರು ತೋರಿಸ್ಕೋತೀನಿ ಅಂದಿದ್ದಾರೆ. ಅತ್ತೆಗೆ ಹೇಳ್ಬೇಡಿ."

"ಅವನಿಗೆ ನಾಚಿಕೆ ಆಗಲ್ವಂತಾ?"

"ಏಳು ವರ್ಷ ನಾನು ಪಟ್ಟಾಯ್ತಲ್ಲ ಮಾವ."

ಫೈಲಿನಲ್ಲಿ ಅರ್ಜಿಯ ಪ್ರತಿ ಇತ್ತು, ನಂಬರೂ ಇತ್ತು. ಮೂರು ಸಲ ಡಯಲ್ ಮಾಡಿ ಇಟ್ಟುಬಿಟ್ಟೆ. ನಾಲ್ಕನೇ ಸಲ ಆಕೆಯೇ ಎತ್ತಿದರು.

"ಹಲೋ, ಯಾರು ಮಾತಾಡ್ತಿರೋದು?"

"ನಾನು… 'ಸೂಕ್ತ ಅಭ್ಯರ್ಥಿ ಇಲ್ಲ' ಅಂತ ಬರೆದವನು" ಎಂದೆ.