ಕಡಲ ಬಯಕೆಯ ಗಾಡಿ

ನನ್ನ ಹೊಟ್ಟೆಯೊಳಗಿನ ಸಾಹುಕಾರನಿಗೋ, ಸಾಹುಕಾರತಿಗೋ,

ಯಾರೇ ಆಗಿರು, ಮೊದಲು ಒದೆಯುವುದನ್ನು ನಿಲ್ಲಿಸು. ಮಡಚುವ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ಒದ್ದರೆ ಹೊನ್ನಾವರದಲ್ಲಿದ್ದ ಅಕ್ಷರ ಭಟ್ಕಳಕ್ಕೆ ಹೋಗುತ್ತದೆ! ಹೌದು, ನಾವೀಗ ಹೊನ್ನಾವರದ ಹತ್ತಿರ ಗಾಳಿಮರದ ತೋಪಿನಲ್ಲಿದ್ದೇವೆ. ಒಂದು ಕಡೆ ಕಾಡು ತುಂಬಿದ ಗುಡ್ಡ, ಇನ್ನೊಂದು ಕಡೆ ಕಡಲು, ನಡುವೆ ನಮ್ಮ ಮನೆಗಾಡಿ. ಲಕ್ಷ್ಮೇಶ್ವರದಲ್ಲಿ ನಳ ಬಂದ ದಿನವೇ ಹಬ್ಬ ಮಾಡುವ ನನಗೆ, ಇಷ್ಟೊಂದು ನೀರು ಒಂದೇ ಕಡೆ ಇದೆ ಎಂದರೆ ಇನ್ನೂ ನಂಬಿಕೆ ಬರುತ್ತಿಲ್ಲ.

ಇದಕ್ಕೆಲ್ಲ ಕಾರಣ ನೀನೇ. ಬೇರೆ ಬಸುರಿಯರಿಗೆ ಹುಣಸೆಕಾಯಿ ತಿನ್ನಬೇಕು, ಗಿರಮಿಟ್ ತಿನ್ನಬೇಕು ಎನ್ನಿಸುತ್ತದೆ. ನನಗೆ ಸಮುದ್ರ ನೋಡಬೇಕು ಎನ್ನಿಸಿತು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಮುಂದೆ ನಗೆಚಾಟಿಕೆಗೆ ಅಂದುಬಿಟ್ಟೆ. ನಿನ್ನ ಅಜ್ಜಿ ದೇವವ್ವ ಎಂಥವರು ಗೊತ್ತೇ? ನಾನು ಮಾಳಿಗೆಯ ಮೆಟ್ಟಿಲು ಹತ್ತಿದರೂ ಬೈಯುವವರು. ಅಂಥವರು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಹೋಗಿ, ನಿಮ್ಮಪ್ಪನ ಬಲಗಡೆ ನಿಂತು, “ಅಂಬರೀಶಾ, ಗಾಡಿ ತಗಿ. ಈಕೀನ ಸಮುದ್ರಕ್ಕ ಕರಕೊಂಡು ಹೋಗೂಣು” ಎಂದರು. ಬಲಗಡೆಯೇ ಯಾಕೆಂದರೆ, ನಿಮ್ಮಪ್ಪನ ಎಡಗಿವಿ ಹುಟ್ಟಿದ ಕೆಲವು ತಿಂಗಳಿಂದ ಸೋರಿ ಸೋರಿ ಕಡೆಗೆ ಕೇಳದೇ ಹೋಗಿದೆ. ನಮ್ಮ ಮನೆಯಲ್ಲಿ ಎಲ್ಲರೂ ಅವನ ಬಲಗಡೆಯೇ ಕೂರುತ್ತೇವೆ, ಜಗಳವನ್ನೂ ಅಲ್ಲಿಂದಲೇ ಆಡುತ್ತೇವೆ.

ಗಾಡಿಯ ವಿಷಯ ಕೇಳು. ಯಾತ್ರೆಗೆ ಜನರನ್ನು ಒಯ್ಯುತ್ತಿದ್ದ ಹಳೇ ಟೆಂಪೊವನ್ನು ನಿಮ್ಮಪ್ಪ ಬೆಟಗೇರಿಯ ರಹಮಾನಸಾಬರ ಗ್ಯಾರೇಜಿಗೆ ಒಯ್ದ. ಇಬ್ಬರೂ ಸೇರಿ ಅದರೊಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ ಎಲ್ಲ ಕೂಡಿಸಿ, ಊರೂರು ತಿರುಗುವವರಿಗೆ ಬಾಡಿಗೆಗೆ ಕೊಡಲು ಸಜ್ಜು ಮಾಡಿದ್ದರು. ಮೊದಲ ಸವಾರಿ ನಮ್ಮದು ಎಂದು ತಿಳಿದಾಗ ರಹಮಾನಸಾಬರು ಬಾಗಿಲಿಗೆ ಎಣ್ಣೆ ಬಿಡುತ್ತ, “ಕೂಸಿನ ತೊಟ್ಟಲಾ ಎಲ್ಲಾರಿಗಿಂತ ಮೊದಲ ನಾನ ಕಟ್ಟಿದ್ನಿ ನೋಡ್ರೆವಾ” ಎಂದು ನಕ್ಕರು.

ನಾನೂ ನಿಮ್ಮಪ್ಪನೂ ಇದೇನೋ ಭಾರೀ ಹೊಸದು ಎಂದುಕೊಂಡಿದ್ದೆವು. ಅಜ್ಜಿಗೆ ಹೊಸದೇನೂ ಇರಲಿಲ್ಲ. “ಸವಾರಿ ಚಕ್ಕಡಿ ಕಟಗೊಂಡು ಗುಡ್ಡಕ್ಕ ಹೋಗಿ ಎಷ್ಟು ಸಲ ಉಳದಿಲ್ಲ ನಾವು? ಇದಕ್ಕ ಎತ್ತಿಲ್ಲ, ಅಷ್ಟ” ಎಂದರು. ಗ್ಯಾಸ್ ಒಲೆಯನ್ನು ಮುಟ್ಟಿಯೂ ನೋಡಲಿಲ್ಲ. ಶಿರಸಿ ದಾಟಿ ಗಾಡಿ ನಿಂತಲ್ಲಿ ಮೂರು ಕಲ್ಲು ಹೂಡಿ, ಒಣ ಕಟ್ಟಿಗೆ ಆಯ್ದು ಝುಣಕ ಮಾಡಿದರು. ಬೆಳಗಾದರೆ ಗಾಡಿಯ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ! ಕಾಡಿನ ಮಂಗಗಳು ಅದನ್ನು ತುಳಿದವು. ಅಜ್ಜಿ ಅವುಗಳಿಗೂ ಬೈದರು, ಮತ್ತೆ ರೊಟ್ಟಿಯನ್ನೂ ಕೊಟ್ಟರು.

ದೇವಿಮನೆ ಘಾಟಿ ಇಳಿಯುವಾಗ ನಾನು ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲೇ ಇಲ್ಲ. ಅಂಥ ಕಾಡು ಕಣೋ! ಬಿಸಿಲು ಕೂಡ ಅಪ್ಪಣೆ ಕೇಳಿ ಒಳಗೆ ಬರಬೇಕು. ಅಲ್ಲಿಯೇ ಅಜ್ಜಿ ಹಿಂದಿನ ಸೀಟಿನಿಂದ ಬಾಗಿ ನನ್ನ ಕೈ ಹಿಡಿದುಕೊಂಡು, ಗಾಡಿ ಓಡಿಸುತ್ತಿದ್ದ ಮಗನಿಗೆ ಕೇಳದ ಹಾಗೆ ಹೇಳಿದರು. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ಅವರಿಗೂ ಸಮುದ್ರದ ಬಯಕೆ ಆಗಿತ್ತಂತೆ. ಅವರ ಮಾವ, “ನೀರಂದ್ರ ನೀರು. ಕೊರ್ಲಹಳ್ಳ್ಯಾಗ ಹೊಳಿ ತುಂಬಿ ಹರಿಯಾಕತ್ತೈತಿ, ಅದನ್ನ ನೋಡ್ಕೊಂಡು ಬಾ” ಎಂದು ತುಂಗಭದ್ರೆಗೆ ಕಳಿಸಿ ಕೈತೊಳೆದುಕೊಂಡರು. ಆಮೇಲೆ ಮಗನ ಕಿವಿ ಸೋರಿತು. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರಲ್ಲ. ಡಾಕ್ಟರು ಬೇರೆ ಕಾರಣ ಹೇಳಿದ್ದಾರೆ, ನಾನೂ ನಂಬುವುದು ಅದನ್ನೇ. ಆದರೆ ಅಜ್ಜಿ, “ನನ್ನ ಬಯಕಿ ಅವನ ಕಿವಿ ತಿಂತು. ಈ ಕೂಸಿಗೆ ಹಂಗಾಗಬಾರದು” ಎಂದರು.

ನನ್ನ ಬಯಕೆಯೇನೋ ಭರ್ಜರಿಯಾಗಿ ತೀರಿತು. ಕುಮಟಾ ದಾಟಿದ್ದೇ ತಡ, ಮರಗಳ ಸಂದಿಯಲ್ಲಿ ನೀಲಿ ಕಂಡಿತು. ನಾನು ಕೂಗಿದ ಕೂಗಿಗೆ ನಿಮ್ಮಪ್ಪ ಬ್ರೇಕ್ ಹಾಕಿಬಿಟ್ಟ! ಹೊನ್ನಾವರದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ಹಲಗೆಯ ದಾರಿಯ ಮೇಲೆ ನಡೆದೆವು. ಆ ಮರಗಳು ಬೇರಿನ ಮೇಲೆ ಸೀರೆ ಎತ್ತಿಕೊಂಡು ನೀರಿನಲ್ಲಿ ನಿಂತಿವೆ. ಅಜ್ಜಿ ಎಲ್ಲವನ್ನೂ ನೋಡಿದರು, ಹೆಸರು ಕೇಳಿದರು, ನಕ್ಕರು. ಕಡಲನ್ನು ಮಾತ್ರ ನೋಡಲಿಲ್ಲ. ಇಲ್ಲಿ ತೋಪಿಗೆ ಬಂದಮೇಲೂ ನನ್ನನ್ನು ಅಲೆಯ ಹತ್ತಿರ ನಿಲ್ಲಿಸಿ, ಬೊಗಸೆಯಲ್ಲಿ ನೀರು ತಂದು ಹೊಟ್ಟೆಗೆ ಸವರಿ, ತಾವು ಗಾಡಿಯ ಹತ್ತಿರ ಸರಿದು ಕಡಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಈ ಕಡಲು ತಮಗೆ ಸೇರಿದ್ದಲ್ಲ ಎನ್ನುವ ಹಾಗೆ.

ನನಗೆ ತಡೆಯಲಾಗಲಿಲ್ಲ. ನಿಮ್ಮಪ್ಪನ ಬಲಗಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಹೋಗಿ ಅವ್ವನ ಕೈ ಹಿಡಿದು ದರದರ ಎಳೆದುಕೊಂಡು ಬಂದ. ಇಳಕಲ್ ಸೀರೆಯ ಅಂಚು ತೋಯ್ದಿತು. ಆಮೇಲೆ ಅವನು ಆ ಎಡಗಿವಿಯನ್ನು ಕಡಲಿಗೆ ತಿರುಗಿಸಿ, ಕಣ್ಣು ಮುಚ್ಚಿ ನಿಂತ. ಅಜ್ಜಿ ಅವನ ಮುಖವನ್ನೇ ನೋಡುತ್ತ, “ಏನರ ಕೇಳತೈತೇನೋ?” ಎಂದು ಕೇಳಿದರು. ಹೌದು ಅನ್ನು, ಸುಳ್ಳಾದರೂ ಹೌದು ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಕಿವಿಗೆ ಏನೂ ಕೇಳವಲ್ದಬೇ,” ಎಂದ. ಅಷ್ಟರಲ್ಲಿ ದೊಡ್ಡ ಅಲೆಯೊಂದು ದಡಕ್ಕೆ ಬಿದ್ದು ನಮ್ಮ ಕಾಲ ಕೆಳಗಿನ ಮರಳು ನಡುಗಿತು. ಅವನು ನಕ್ಕುಬಿಟ್ಟ. “ಖರೇನ ಹೇಳತೀನಿ, ಅಂಗಾಲಿಗೆ ಕೇಳಾಕತ್ತೈತಿ ನೋಡವ್ವಾ!”

ಅಜ್ಜಿ ಅವನ ಬೆನ್ನಿಗೊಂದು ಗುದ್ದಿದರು. ಅತ್ತರು, ನಕ್ಕರು, ಮತ್ತೆ ಗುದ್ದಿದರು. “ತಡ ಆತು. ಆದ್ರೂ ಮುಟ್ಟಿತಲ್ಲೋ ನಿನಗ” ಎಂದು ಮೊಣಕಾಲುದ್ದ ನೀರಿಗೆ ತಾವೇ ಇಳಿದರು. ಆಮೇಲೆ ಅವರನ್ನು ಹೊರಗೆ ಕರೆತರುವುದೇ ಒಂದು ಸಾಹಸವಾಯಿತು.

ಇಗೋ, ಹಾರ್ನ್ ಕೇಳುತ್ತಿದೆ. ಮುರ್ಡೇಶ್ವರದ ಕಡೆಗೆ ಹೊರಟಿದ್ದೇವೆ. ಬಸುರಿಗೆಂದು ಇಟ್ಟಿದ್ದ ಮುಂದಿನ ಸೀಟಿನಲ್ಲಿ ಅಜ್ಜಿ ಆಗಲೇ ಕೂತುಬಿಟ್ಟಿದ್ದಾರೆ. ಏಳಿ ಎಂದರೆ, “ನಿಂದು ತೀರಿತಲ್ಲ? ಹಿಂದ ಕುಂಡ್ರು. ನನ್ನ ಬಯಕಿ ಈಗ ಚಾಲೂ ಆಗೇತಿ” ಎನ್ನುತ್ತಿದ್ದಾರೆ.

ನೆಟ್ಟಗೆ ಕೈಕಾಲು ಬೆಳೆಸಿಕೊಂಡು ಬಾ, ಕಂದಾ. ಕಡಲಷ್ಟು ಆಯುಷ್ಯ ನಿನಗಿರಲಿ. ನಿಮ್ಮಪ್ಪನ ಬಲಗಡೆ ನಾವು ಯಾರೂ ಜಾಗ ಬಿಡುವುದಿಲ್ಲ. ನೀನು ಎಡಗಡೆ ಮಲಗಿ, ಈಗ ನನಗೆ ಒದೆಯುವ ಹಾಗೆ ಅವನಿಗೂ ಒದಿ, ಅವನಿಗೆ ಕೇಳುತ್ತದೆ.

ಹಿಂದಿನ ಸೀಟಿಗೆ ತಳ್ಳಿಸಿಕೊಂಡ ನಿನ್ನ ಅವ್ವ,
ನಾಗರತ್ನಾ