ಸೀಟಿನ ಮೇಲಿನ ಮುಚ್ಚಳ

ಟ್ಯಾಮರಾಕ್ ಫಾಲ್ಸ್, ವಿಸ್ಕಾನ್ಸಿನ್
ಮಂಗಳವಾರ, ೧೪ ಅಕ್ಟೋಬರ್ ೧೯೮೬

ಪ್ರೀತಿಯ ಮಗಳು ಮಾರ್ಲಿಸ್‌ಗೆ,

ಹೇಗಿದ್ದೀಯಮ್ಮಾ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಊರಿನವರ ಆರೋಗ್ಯವನ್ನೆಲ್ಲ ನೋಡುವವಳು ನಿನ್ನದನ್ನು ಮಾತ್ರ ಮರೆತುಬಿಡುತ್ತೀಯ. ನಾನು ಚೆನ್ನಾಗಿದ್ದೇನೆ. ಚಳಿ ಬರುತ್ತಿದೆಯೆಂದು ಮೊಣಕಾಲು ರೇಡಿಯೋಗಿಂತ ಮೊದಲೇ ಹೇಳಿತು. ಈ ವರ್ಷ ಎಲೆಕೋಸಿಗೆ ಉಪ್ಪು ಹಾಕಿ ಜಾಡಿ ತುಂಬಿಟ್ಟವನು ನಾನೇ. ನಿಮ್ಮಮ್ಮ ಹಾಕುತ್ತಿದ್ದಾಗಿನ ಹುಳಿ ಬಂದಿಲ್ಲ. ಆದರೂ ಸಾಸೇಜಿನ ಜೊತೆ ದಿನವೂ ತಿನ್ನುತ್ತಿದ್ದೇನೆ, ಬೈಯುವವರು ಯಾರೂ ಇಲ್ಲವಲ್ಲ. ಮುಂದೆ ಬರೆಯುವುದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಅರ್ಧ ಕೇಳುವ ಮೊದಲೇ "ಅಪ್ಪಾ, ಸರಿಯಾಗಿ ನಿದ್ದೆ ಮಾಡ್ತಿದ್ದೀಯ ತಾನೆ?" ಎಂದು ಬಾಯಿ ಹಾಕುತ್ತೀಯ. ಕಾಗದಕ್ಕೆ ಅಡ್ಡ ಮಾತಾಡಲು ಬರುವುದಿಲ್ಲ. ಪೂರ್ತಿ ಓದು.

ಮುಂದಿನ ಶನಿವಾರ ನೀನು ನಿನ್ನ ಗೆಳೆಯ ಡ್ವೈಟ್‌ನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು, ನಮ್ಮ ವಿಮಾನವನ್ನು ನಿನ್ನ ಊರು ಮಾರ್ಕೆಟ್‌ಗೆ ಹಾರಿಸಿಕೊಂಡು ಹೋಗುತ್ತೇನೆ ಎಂದಿದ್ದೆಯಲ್ಲ, ವಿಷಯ ಅದರದೇ. ನಾನೂ ನಿಮ್ಮಮ್ಮನೂ ಗ್ಯಾರೇಜಿನಲ್ಲಿ ಕೈಯಾರೆ ಕಟ್ಟಿದ ಆ ಎರಡು ಸೀಟಿನ ವಿಮಾನವನ್ನು ನಿನಗೆ ಒಪ್ಪಿಸುವ ಮೊದಲು ಎಲ್ಲ ಸರಿ ಮಾಡಿಡಬೇಕೆಂದು ನನ್ನ ಆಸೆ. ಅಷ್ಟರಲ್ಲಿ ನಮ್ಮ ಹುಲ್ಲಿನ ರನ್‌ವೇಗೆ ಪೆಟ್ರೋಲ್ ಕಳ್ಳರು ಬಂದರು. ಪಕ್ಕದ ಶೆಡ್ಡಿನ ಹಾರ್ಲನ್‌ನ ವಿಮಾನದ ಎರಡೂ ಟ್ಯಾಂಕು ಒಣಗಿಸಿ, ರಬ್ಬರ್ ಕೊಳವೆಯನ್ನು ಹುಲ್ಲಿನಲ್ಲೇ ಬಿಟ್ಟುಹೋಗಿದ್ದರು. ಅವನು ನನ್ನ ಶೆಡ್ಡಿಗೆ ಬಂದು, "ಏನಯ್ಯಾ ಎಮಿಲ್, ನಿನ್ನ ಟ್ಯಾಂಕಿಗೇನು ದೇವ್ರು ಕಾವಲು ಕೂತಿದಾನಾ? ಬೀಗ ಹಾಕು ಮಾರಾಯಾ!" ಎಂದು ಛೇಡಿಸಿದ. ಸರಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಿಂದ ಬೀಗವಿರುವ ಎರಡು ಮುಚ್ಚಳ ತಂದೆ. ನಮ್ಮ ಟ್ಯಾಂಕಿನ ಕುತ್ತಿಗೆಗೆ ಕೂರಲಿಲ್ಲ. ಅರ ಹಿಡಿದು ಅಂಚು ಉಜ್ಜಿ, ಕೆಳಗೆ ಹೊಸ ರಬ್ಬರ್ ಬಳೆ ಕೂರಿಸಿದೆ. ಕೀಲಿ ತಿರುಗಿಸಿದರೆ ಗಟ್ಟಿಯಾಗಿ ಕಚ್ಚಿಕೊಂಡವು, ಒಂದು ಹನಿ ಒಸರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಿಮ್ಮಮ್ಮ ಮಾಡಿದ್ದ ಹಳೆಯ ಮುಚ್ಚಳಗಳನ್ನು, ನೆತ್ತಿಯ ಮೇಲೆ ಮುಂದಕ್ಕೆ ಬಾಗಿದ ಸಣ್ಣ ತಾಮ್ರದ ನಳಿಗೆ ಇರುವಂಥವನ್ನು, ನಿನಗೆ ನೆನಪಿರಬೇಕು, ಕಾಫಿ ಡಬ್ಬದಲ್ಲಿ ಹಾಕಿಟ್ಟೆ.

ಭಾನುವಾರ ಚರ್ಚಿನಿಂದ ಹಾಗೇ ಶೆಡ್ಡಿಗೆ ಹೋದೆ. ಬಾಗಿಲಿನ ಬೀಗ ಹಾಕಿದಂತೆಯೇ ಇತ್ತು. ಒಳಗೆ, ವಿಮಾನದ ಎಡಗಡೆಯ ಸೀಟಿನ ಮೇಲೆ, ಅಂದರೆ ಹಾರಿಸುವವರು ಕೂರುವ ಜಾಗದಲ್ಲಿ, ಹೊಸ ಮುಚ್ಚಳಗಳಲ್ಲಿ ಒಂದು ಕೂತಿತ್ತು. ರೆಕ್ಕೆಯ ಮೇಲೆ ಟ್ಯಾಂಕಿನ ಬಾಯಿಗೆ ದೂಳು ಬೀಳದಂತೆ ಒಗೆದ ಬಟ್ಟೆ ತುರುಕಿತ್ತು. ನಮ್ಮ ಅಡುಗೆಮನೆಯ ನೀಲಿ ಚೌಕುಳಿ ಬಟ್ಟೆ. ಎರಡು ಕೀಲಿಯೂ ನನ್ನ ಪ್ಯಾಂಟಿನ ಜೇಬಿನಲ್ಲೇ ಇದ್ದವು. ಪೆಟ್ರೋಲು ಒಂದು ಲೋಟದಷ್ಟೂ ಕಡಿಮೆಯಾಗಿರಲಿಲ್ಲ. ಹಾರ್ಲನ್ ತಮಾಷೆ ಮಾಡಿದ್ದಾನೆಂದು ಅವನ ಮನೆಗೇ ಹೋಗಿ ಜಗಳ ತೆಗೆದೆ. ಅವನು ನನ್ನ ಮುಖವನ್ನೇ ನೋಡಿ, "ಒಳಗೆ ಬಾ, ಸೂಪು ಕುಡಿ. ಒಬ್ಬನೇ ಇದ್ದು ಇದ್ದು ಏನೇನೋ ಆಗ್ತಿದೆ ನಿಂಗೆ" ಎಂದ. ಅವನ ಸೂಪು ಕುಡಿದು, ಮುಚ್ಚಳಕ್ಕೆ ಮತ್ತೆ ಬೀಗ ಹಾಕಿ ಮನೆಗೆ ಬಂದೆ.

ನಿನ್ನೆ ಬೆಳಿಗ್ಗೆ ನೋಡಿದರೆ ಎರಡೂ ಮುಚ್ಚಳ ಸೀಟಿನ ಮೇಲೆ ಅಕ್ಕಪಕ್ಕ ಕೂತಿದ್ದವು.

ನಮ್ಮ ಮನೆಯ ನಿಯಮ ನಿನಗೂ ಗೊತ್ತು. ಕಟ್ಟುವ ಕೆಲಸದಲ್ಲಿ ಯಾವುದಾದರೂ ಸರಿಯಿಲ್ಲ ಎನ್ನಿಸಿದರೆ, ಆ ಭಾಗವನ್ನು ಬಿಚ್ಚಿ ಸೀಟಿನ ಮೇಲಿಡುವುದು. ಅದನ್ನು ಎತ್ತದೆ ಯಾರೂ ಕೂರಲಾಗದು. ಎತ್ತಿದವರು ವಾದ ಮಾಡದೆ ತಪ್ಪು ಹುಡುಕಬೇಕು, ಸಿಗುವವರೆಗೆ ಹಾರಬಾರದು. ನಾನು ಪಿನ್ನು ಹಾಕಲು ಮರೆತ ಬೋಲ್ಟನ್ನು ನಿಮ್ಮಮ್ಮ ಹೀಗೆ ಎಷ್ಟು ಸಲ ಇಟ್ಟಿಲ್ಲ! ಅದನ್ನೆತ್ತಿಕೊಂಡು ಮನೆಗೆ ಬಂದರೆ ಏನೂ ತಿಳಿಯದವಳಂತೆ ಆಲೂಗಡ್ಡೆ ಸುಲಿಯುತ್ತ ಕೂತಿರುತ್ತಿದ್ದಳು. ಈ ನಿಯಮ ಮೂವರಿಗೆ ಗೊತ್ತಿತ್ತು. ನೀನು ಮಾರ್ಕೆಟ್‌ನಲ್ಲಿದ್ದೀಯ, ನಾನು ಇಲ್ಲಿದ್ದೇನೆ. ಮೂರನೆಯವಳನ್ನು ಏಪ್ರಿಲ್‌ನಲ್ಲಿ ಮಣ್ಣು ಮಾಡಿ ಬಂದಿದ್ದೇವೆ.

ನನಗೆ ಭಯವಾಯಿತು ಮಾರ್ಲಿಸ್. ಭಯವಾದಾಗ ನನಗೆ ಕೋಪ ಬರುತ್ತದೆ. ಖಾಲಿ ಶೆಡ್ಡಿನಲ್ಲಿ ನಿಂತು, "ಏನು ತಪ್ಪಿದೆ ಇದ್ರಲ್ಲಿ? ಎಷ್ಟು ಚೆನ್ನಾಗಿ ಕೂತಿದೆ, ನೋಡು!" ಎಂದು ಕೂಗಿದೆ. ಟ್ಯಾಂಕುಗಳನ್ನು ಬಾಯಿಮಟ್ಟ ತುಂಬಿಸಿ, ಮುಚ್ಚಳಗಳಿಗೆ ಬೀಗ ಜಡಿದು, ವಿಮಾನವನ್ನು ಹೊರಗೆ ತಳ್ಳಿ, ಚಕ್ರಕ್ಕೆ ಅಡ್ಡಕಟ್ಟಿಗೆ ಕೊಟ್ಟು ಇಂಜಿನ್ ಶುರು ಮಾಡಿದೆ. ಸೊಗಸಾಗಿ ಓಡಿತು. ನೋಡಿದೆಯಾ ಎಂದು ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಆಮೇಲೆ ಅದು ಒಮ್ಮೆ ತಡವರಿಸಿತು, ಕೆಮ್ಮಿತು, ನಿಂತೇಹೋಯಿತು. ಟ್ಯಾಂಕುಗಳಲ್ಲಿ ಪೆಟ್ರೋಲು ತುಂಬಿತ್ತು. ರೆಕ್ಕೆಗೆ ಏಣಿ ಹಾಕಿ ಬೀಗ ತೆಗೆದೆ. ಮುಚ್ಚಳ ಸಡಿಲವಾದ ಕೂಡಲೇ ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಆ ಸದ್ದು ನನಗೆ ಗೊತ್ತಿತ್ತು ಮಗಳೇ. ಕೊನೆಯ ವಾರ ನಿಮ್ಮಮ್ಮ "ಕಿಟಕಿ ತೆಗಿ ಎಮಿಲ್, ಉಸಿರು ಬರ್ತಿಲ್ಲ" ಎನ್ನುತ್ತಿದ್ದಳಲ್ಲ, ನಾನು ಕಿಟಕಿ ತೆಗೆದ ಕೂಡಲೇ ಹೀಗೆಯೇ ಉಸಿರೆಳೆದುಕೊಳ್ಳುತ್ತಿದ್ದಳು. ಏಣಿಯ ಮೇಲೆಯೇ ಕೂತು ಅತ್ತೆ.

ಹೊಸ ಮುಚ್ಚಳಕ್ಕೆ ಗಾಳಿಯ ದಾರಿಯೇ ಇರಲಿಲ್ಲ. ಪೆಟ್ರೋಲು ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು, ಬಾರದಿದ್ದರೆ ಪೆಟ್ರೋಲು ಇಳಿಯುವುದೇ ಇಲ್ಲ. ಆ ತಾಮ್ರದ ನಳಿಗೆ ಇದ್ದದ್ದು ಅದಕ್ಕೇ. ಕಳ್ಳನನ್ನು ಹೊರಗಿಡಲು ಹೋಗಿ ನಾನು ಗಾಳಿಯನ್ನೇ ಹೊರಗಿಟ್ಟಿದ್ದೆ. ಶನಿವಾರ ನೀನು ಮೇಲೇರಿ, ಕಾಡು ಶುರುವಾದ ಮೇಲೆ ಇಂಜಿನ್ ನಿಂತಿರುತ್ತಿತ್ತು. ಅಲ್ಲಿ ಬರೀ ಪೈನ್ ಮರ ಮತ್ತು ಕೆರೆ, ಇಳಿಯಲು ಒಂದು ಹೊಲವೂ ಇಲ್ಲ. ಹಳೆಯ ಮುಚ್ಚಳಗಳನ್ನೇ ಹಾಕಿ, ನಳಿಗೆ ಮುಂದಕ್ಕೆ ತಿರುಗಿಸಿ, ಸಂಜೆಯವರೆಗೆ ಇಂಜಿನ್ ಓಡಿಸಿ ನೋಡಿದ್ದೇನೆ. ಒಮ್ಮೆಯೂ ಕೆಮ್ಮಲಿಲ್ಲ. ಬೀಗದ ಮುಚ್ಚಳಗಳನ್ನು ಕೆರೆಗೆ ಎಸೆದೆ. ಬೀಗ ತೆಗೆದವರು ಯಾರೆಂದು ನಾನು ಕೇಳುವುದಿಲ್ಲ, ನೀನೂ ಕೇಳಬೇಡ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಲೆಯ ಮೇಲೆ ಒಂದು ಕೈ ಇದೆ ಎಂದು ಇಷ್ಟು ದಿನ ಸುಮ್ಮನೆ ಬರೆಯುತ್ತಿದ್ದೆ, ಈ ಸಲ ತಿಳಿದು ಬರೆಯುತ್ತಿದ್ದೇನೆ. ಡ್ವೈಟ್‌ಗೆ ನನ್ನ ನೆನಕೆ ತಿಳಿಸು.

ನಿನ್ನ ಅಪ್ಪ,
ಎಮಿಲ್ ಜಾಸ್ಟ್ರೋ

ಮರೆತಿದ್ದು: ಕಾಗದವನ್ನು ಅಂಚೆಗೆ ಹಾಕುವ ಮೊದಲು ಶೆಡ್ಡಿಗೆ ಹೋಗಿ ಬಂದೆ. ಎಡಗಡೆಯ ಸೀಟು ಖಾಲಿ ಇದೆ, ಅದರ ಮೇಲೆ ಏನೂ ಇಲ್ಲ. ಆದರೆ ಬಲಗಡೆಯ ಸೀಟಿನ ಬೆಲ್ಟು ಹಾಕಿತ್ತು, ನಿಮ್ಮಮ್ಮನ ಅಳತೆಗೆ ಬಿಗಿಯಾಗಿ. ನಾನೇ ಬಿಚ್ಚಿದೆ. ವಿಮಾನದ ಬಾಲಕ್ಕೆ ಕಟ್ಟುವ ಹಗ್ಗ ಬಿಗಿದು ಬರುವಷ್ಟರಲ್ಲಿ ಮತ್ತೆ ಹಾಕಿತ್ತು. ಡ್ವೈಟ್ ಒಳ್ಳೆಯ ಹುಡುಗ, ಬೇಸರ ಮಾಡಿಕೊಳ್ಳುವುದಿಲ್ಲ, ಅವನು ಬಸ್ಸಿನಲ್ಲೇ ಹಿಂದಿರುಗಲಿ. ನೀನು ಹಾರುವಾಗ ಚಳಿಯಾದರೂ ಪರವಾಗಿಲ್ಲ, ಆ ಕಡೆಯ ಕಿಟಕಿ ಸ್ವಲ್ಪ ತೆರೆದಿಡು.