ಹನ್ನೊಂದು ಟೆಸ್ಟ್ ಆಡಿದ ಕೀಪರನಿಗೆ, ಬನಹಟ್ಟಿಯಿಂದ

ಹಿರಿಯರಾದ ಈವರ್ಟ್ ಪ್ರೆಸ್ಕಾಡ್ ಅವರಿಗೆ, ಬನಹಟ್ಟಿಯ ನೇಕಾರ ಪ್ರಭುಲಿಂಗನ ಶರಣು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ, ಗೊತ್ತಿರಲು ಕಾರಣವೂ ಇಲ್ಲ. ನನಗೀಗ ಐವತ್ತೆರಡು. ಹದಿನಾರನೆಯ ವಯಸ್ಸಿನಿಂದ ಪವರ್‌ಲೂಮ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದೇನೆ. ಹೆಚ್ಚುಕಡಿಮೆ ಅಷ್ಟೇ ವರ್ಷ ಬನಹಟ್ಟಿ ತಂಡದ ವಿಕೆಟ್ ಕೀಪರ್ ಆಗಿದ್ದೆ. 'ಆಗಿದ್ದೆ' ಎಂದು ಬರೆಯುವುದು ಇನ್ನೂ ರೂಢಿಯಾಗಿಲ್ಲ. ಕಳೆದ ತಿಂಗಳವರೆಗೆ 'ಆಗಿದ್ದೇನೆ' ಎನ್ನುತ್ತಿದ್ದೆ.

ನಿಮ್ಮನ್ನು ಮೊದಲು ನೋಡಿದ್ದು ರಾಮಲಿಂಗಪ್ಪನ ಕ್ಷೌರದ ಅಂಗಡಿಯಲ್ಲಿ, ಪೇಪರಿನ ಒಂದು ಫೋಟೊದಲ್ಲಿ. ನಿಮ್ಮ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಿತ್ತು. ನಮ್ಮ ಬ್ಯಾಟ್ಸ್‌ಮನ್ ಚೆಂಡನ್ನು ಬೌಂಡರಿಗೆ ಅಟ್ಟುವ ಚಿತ್ರವದು. ಅಂಗಡಿಯಲ್ಲಿದ್ದವರೆಲ್ಲ ಅವನನ್ನೇ ಹೊಗಳಿದರು. ನಾನು ಅವನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ನಿಮ್ಮನ್ನು ನೋಡಿದೆ. ಚೆಂಡು ಹೋಗಿಯೇಬಿಟ್ಟಿದೆ, ಆದರೂ ನಿಮ್ಮ ಎರಡು ಅಂಗೈ ಇನ್ನೂ ತೆರೆದೇ ಇದ್ದವು. ಇದೆಂಥ ಹುಚ್ಚು ಕೆಲಸವಪ್ಪಾ ಅನ್ನಿಸಿತು. ಮರುದಿನದಿಂದ ನಾನೂ ಸ್ಟಂಪಿನ ಹಿಂದೆ ಕೂತೆ.

ನಿಮ್ಮ ಕತೆ ತಿಳಿದದ್ದು ಬಹಳ ತಡವಾಗಿ. ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಮಗಳು ಸ್ನೇಹಾ ಮೊಬೈಲಿನಲ್ಲಿ ನಿಮ್ಮದೊಂದು ರೇಡಿಯೊ ಸಂದರ್ಶನ ಹುಡುಕಿ, ಕನ್ನಡದಲ್ಲಿ ಬರೆದುಕೊಟ್ಟಳು. ನೀವು ಹುಟ್ಟಿದ್ದು ಕಬ್ಬಿನ ಸೀಮೆಯಲ್ಲಂತೆ. ನಿಮ್ಮ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ರಸ ಕುದಿಸುವವರಂತೆ. ಓದಿ ನಗು ಬಂತು. ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸಿನಲ್ಲಿ ಬೈಯುತ್ತ ಕೂತಿರುವವರಿಗೆ ನಿಮ್ಮ ದ್ವೀಪ ಅಷ್ಟೇನೂ ದೂರ ಅನ್ನಿಸಲಿಕ್ಕಿಲ್ಲ.

ಆರು ವರ್ಷ ನೀವು ತಂಡದ ಜೊತೆ ಊರೂರು ತಿರುಗಿದಿರಿ, ಆಡಿದ್ದು ಮಾತ್ರ ಸಣ್ಣಪುಟ್ಟ ಪಂದ್ಯ. ಮೊದಲನೆಯ ಕೀಪರಿಗೆ ಜ್ವರವೂ ಬರಲಿಲ್ಲ, ಬೆರಳೂ ಮುರಿಯಲಿಲ್ಲ. ನೀವು ನೀರು ಹೊತ್ತಿರಿ, ಗ್ಲೌಸ್ ಒಣಗಿಸಿದಿರಿ. ಮೊದಲ ಟೆಸ್ಟ್ ಸಿಕ್ಕಾಗ ಮೂವತ್ತೊಂದು ತುಂಬಿತ್ತು. ಹನ್ನೊಂದು ಟೆಸ್ಟ್, ಮೂವತ್ತೆಂಟು ಕ್ಯಾಚ್, ಎರಡು ಸ್ಟಂಪಿಂಗ್. ಹನ್ನೊಂದನೆಯದರ ಕೊನೆಯ ದಿನ ಎದುರಿನವರ ನಾಯಕನ ಕ್ಯಾಚ್ ಹಿಡಿದಿರಿ. ಅಂಪೈರ್ ಬೆರಳೆತ್ತಿದರು, ಅವನು ಹೊರಟೂಬಿಟ್ಟ. ಆಗ ನೀವು ಅವನನ್ನು ಕರೆದು, ಚೆಂಡು ನೆಲಕ್ಕೆ ತಾಗಿರಬೇಕು, ವಾಪಸ್ ಬಾ ಎಂದಿರಿ. ಅವನು ವಾಪಸ್ ಬಂದು ನೂರು ಹೊಡೆದ, ನಿಮ್ಮ ತಂಡ ಸೋತಿತು. ನಿಮ್ಮನ್ನು ಮತ್ತೆ ಕರೆಯಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಸಾಲಿ ಮಕ್ಕಳ ಬಸ್ ಓಡಿಸಿದಿರಂತೆ. ಇದನ್ನೆಲ್ಲ ನೀವು ಹವಾಮಾನದ ವರದಿ ಹೇಳುವ ಹಾಗೆ ಹೇಳಿದ್ದೀರಿ ಎಂದು ಸ್ನೇಹಾ ಬದಿಯಲ್ಲಿ ಬರೆದಿದ್ದಾಳೆ. ನಾನೂ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಮುಧೋಳದ ಡಾಕ್ಟರು ಪರೀಕ್ಷೆ ಮಾಡಿ, ಇದು ಮಗ್ಗದ ಸದ್ದು ತಿಂದ ಕಿವಿ, ಹೋದದ್ದು ಬರುವುದಿಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿಯನ್ನು ಹರಿದು ಹಾಕಿದೆ. ಮನೆಯಲ್ಲಿ ಯಾರಿಗೂ ಸುಳಿವು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಹನ್ನೆರಡು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಕಿವಿ ಇದ್ದವನಿಗೂ ಏನೂ ಕೇಳುವುದಿಲ್ಲ. ಅಲ್ಲಿ ನಾವು ಕೈಸನ್ನೆಯಲ್ಲಿ ಮಾತಾಡುತ್ತೇವೆ, ಒಬ್ಬರ ತುಟಿ ಇನ್ನೊಬ್ಬರು ಓದುತ್ತೇವೆ. ಮೂರು ಮಗ್ಗದ ಆಚೆ ನಿಂತು ಯಾರಾದರೂ ನನ್ನನ್ನು ಬೈದರೆ ಯಾವ ಬೈಗುಳ ಎಂದು ಹೇಳಬಲ್ಲೆ. ಆ ವಿದ್ಯೆಯ ಮೇಲೆಯೇ ನಾಲ್ಕು ವರ್ಷ ಸಂಸಾರ ಮಾಡಿದೆ, ಕೀಪಿಂಗನ್ನೂ ಮಾಡಿದೆ.

ಚೆಂಡು ಬ್ಯಾಟಿಗೆ ಸವರಿತೋ ಇಲ್ಲವೋ ಎಂಬುದನ್ನು ಕೀಪರ್ ಕಿವಿಯಿಂದಲೇ ಅಲ್ಲವೇ ತಿಳಿಯುವುದು? ನನಗೆ ಅದನ್ನು ತಿಳಿಸುತ್ತಿದ್ದವನು ಪಕ್ಕದ ಮಗ್ಗದ ಮಾಂತೇಶ. ಅವನು ಸ್ಲಿಪ್ಪಿನಲ್ಲಿ ನನ್ನ ಬಲಕ್ಕೆ ನಿಲ್ಲುತ್ತಿದ್ದ. ಎಳೆ ಹರಿದರೆ ಶೆಡ್ಡಿನಲ್ಲಿ ಎರಡು ಬೆರಳು ಚಿವುಟಿ ತೋರಿಸುತ್ತೇವೆ. ಸವರಿದ ಸದ್ದು ಬಂದರೆ ಅದೇ ಸನ್ನೆ ಮಾಡು ಎಂದಿದ್ದೆ. ಅವನು ಅದನ್ನು ಚೇಷ್ಟೆ ಎಂದುಕೊಂಡಿದ್ದ. ಇಷ್ಟು ವರ್ಷದಲ್ಲಿ ನಾನು ಒಂದೂ ಸುಳ್ಳು ಅಪೀಲು ಮಾಡಿದವನಲ್ಲ. ಜಮಖಂಡಿಯ ಅಂಪೈರ್ ಅಪ್ಪಾಸಾಬ ಎಲ್ಲರೆದುರೇ ಅನ್ನುತ್ತಿದ್ದ, "ಪ್ರಭು ಕೂಗ್ಯಾನಂದ್ರ ಮುಗೀತ ತಗಿ, ಔಟ್."

ಕಳೆದ ತಿಂಗಳು ಜಮಖಂಡಿಯಲ್ಲಿ ನಮಗೂ ಬೀಳಗಿಯವರಿಗೂ ಸೆಮಿಫೈನಲ್. ಇಪ್ಪತ್ಮೂರರೊಳಗಿನವರ ಜಿಲ್ಲಾ ತಂಡಕ್ಕೆ ಆರಿಸುವವರು ಬಂದು ಕೂತಿದ್ದರು. ಬೀಳಗಿಯ ಕಲ್ಮೇಶನ ಮೇಲೆ ಎಲ್ಲರ ಕಣ್ಣು. ಕುರಿ ಕಾಯುವ ಮನೆತನದ ಹುಡುಗ, ಇಪ್ಪತ್ತೆರಡು ಮುಗಿಯುತ್ತಿತ್ತು, ಇದೇ ಅವನ ಕೊನೆಯ ಅವಕಾಶ. ನಲವತ್ತಾರು ಹೊಡೆದು ನಿಂತಿದ್ದ. ಒಂದು ಚೆಂಡು ಅವನ ಬ್ಯಾಟಿನ ಹತ್ತಿರದಿಂದ ಹಾದು ನನ್ನ ಗ್ಲೌಸಿಗೆ ಬಂತು. ಅಂಗೈಗೆ ಬರಬೇಕಾದದ್ದು ಬೆರಳಿನ ಬುಡಕ್ಕೆ ಬಡಿಯಿತು. ಬ್ಯಾಟಿಗೆ ಹತ್ತಿದೆ ಎಂದು ಕೈಗೆ ಅನ್ನಿಸಿತು, ಕೂಗಿದೆ. ನಾನು ಕೂಗಿದ್ದಕ್ಕೆ ಎಲ್ಲರೂ ಕೂಗಿದರು. ಅಪ್ಪಾಸಾಬ ಬೆರಳೆತ್ತಿದ. ಆಮೇಲೆ ನಾನು ಬಲಕ್ಕೆ ನೋಡಿದೆ. ಮಾಂತೇಶನ ಬೆರಳುಗಳಲ್ಲಿ ಸನ್ನೆ ಇರಲಿಲ್ಲ.

ಕಲ್ಮೇಶ ಅಲ್ಲೇ ನಿಂತ. "ಹತ್ತಿಲ್ರೀ ಕಾಕಾ, ಆಣಿ ಮಾಡಿ ಹೇಳ್ತೀನಿ," ಎಂದದ್ದನ್ನು ಅವನ ತುಟಿಯಲ್ಲಿ ಓದಿದೆ. ಕಣ್ಣು ಒರೆಸಿಕೊಳ್ಳುತ್ತ ಹೋದ. ನಾವು ಗೆದ್ದೆವು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಾಂತೇಶನನ್ನು ಹಿಡಿದು ಕೇಳಿದೆ. "ನಾ ಏನೂ ಕೇಳಿಲ್ಲಪಾ. ನೀ ಕೂಗಿದಿ, ನಾನೂ ಕೂಗಿದೆ. ನೀ ಸುಳ್ಳ ಕೂಗಾಂವ ಅಲ್ಲಲ್ಲ," ಎಂದ. ನನ್ನ ಹೆಸರಿನ ಬಲದ ಮೇಲೆ ಒಬ್ಬನ ಬಾಳು ಕೆಡಿಸಿದೆನೇ ಎಂದು ಹೆದರಿದೆ.

ಖರೆ ಹೇಳಬೇಕೆಂದರೆ ಆಗ ನನಗೆ ನೆನಪಾದದ್ದು ನೀವು. ಮರುದಿನ ಫೈನಲ್‌ಗೆ ಮೊದಲು ಆರಿಸುವವರ ಎದುರು ನಿಂತು ಎಲ್ಲ ಹೇಳಿದೆ. ಕಿವಿ ಹೋಗಿದೆ, ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದೇನೆ, ನಿನ್ನೆಯದು ಕೇಳದೆ ಮಾಡಿದ ಅಪೀಲು ಎಂದೆ. ಮುಗಿದ ಆಟವನ್ನು ಅವರು ಬದಲಿಸಲಿಲ್ಲ. ಆದರೆ ಕಲ್ಮೇಶನಿಗೆ ಇನ್ನೊಂದು ಪರೀಕ್ಷೆ ಇಟ್ಟರು, ಅವನು ಆಯ್ಕೆಯಾದ. ನಮ್ಮ ತಂಡದವರು ಅಲ್ಲೇ ನನ್ನ ಗ್ಲೌಸ್ ಬಿಚ್ಚಿಸಿದರು. ಬದಲಿಗೆ ನಿಂತವನು ಹತ್ತೊಂಬತ್ತು ಬೈ ಬಿಟ್ಟ, ನಾವು ಎಂಟು ರನ್ನಿನಿಂದ ಸೋತೆವು.

ಊರು ಏನಂದಿತು ಎಂದು ಕೇಳಬೇಡಿ. ಚಹಾದ ಅಂಗಡಿಯಲ್ಲಿ ನನಗೆ ಬೆನ್ನು ತಿರುಗಿಸಿ ಮಾತಾಡುವುದನ್ನು ಕಲಿತಿದ್ದಾರೆ. ಬುದ್ಧಿವಂತರು, ತುಟಿ ಕಾಣಬಾರದಲ್ಲ. 'ಕಿವುಡ ಕಪ್ ಕಳದಾ' ಎಂಬುದು ಮಾತ್ರ ಬೆನ್ನಿನಲ್ಲೂ ಕಾಣುತ್ತದೆ. ನನ್ನ ಹೆಂಡತಿ ಮಂಗಲಾ ಒಬ್ಬಳೇ ಬೇರೆ ಪ್ರಶ್ನೆ ಕೇಳಿದಳು. "ಅಲ್ರೀ, ನಾಕ ವರ್ಷ ನಾ ಬೈದದ್ದೆಲ್ಲಾ ಗಾಳಿಗೆ ಹೋತೇನು?" ಇಲ್ಲ, ಎಲ್ಲ ಓದಿದ್ದೇನೆ ಎಂದೆ. ಆಕೆಗೆ ಸಮಾಧಾನವಾಯಿತು.

ಹೋದ ಸೋಮವಾರ ಕಲ್ಮೇಶ ಬಂದ. ಎರಡು ಬಸ್ ಬದಲಿಸಿ ಬೀಳಗಿಯಿಂದ ಬಂದಿದ್ದ. ಅವರ ಮನೆಯಲ್ಲೇ ನೇಯ್ದ ಕರಿ ಕಂಬಳಿ ತಂದಿದ್ದ. ನೇಕಾರನ ಚಾಳಿ, ಮೊದಲು ಅಂಚು ತಿರುವಿ ನೋಡಿದೆ, ನೇಯ್ಗೆ ಛಲೋ ಇತ್ತು. ಕಾಲಿಗೆ ಬಿದ್ದ. ಮಗ್ಗ ನೋಡಬೇಕೆಂದು ಕೈಸನ್ನೆ ಮಾಡಿದ, ಶೆಡ್ಡಿಗೆ ಕರೆದುಕೊಂಡು ಹೋದೆ. ಹನ್ನೆರಡೂ ಓಡುತ್ತಿದ್ದವು. ಅವನು ಕಿವಿ ಮುಚ್ಚಿಕೊಂಡ, ಆಮೇಲೆ ಕೈ ತೆಗೆದ. ಸುತ್ತ ನೋಡಿದ. ನನ್ನ ಎದುರು ನಿಂತು, ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದ.

"ಕಾಕಾ, ಅವತ್ತ ಹತ್ತಿತ್ತು. ನನಗ ಗೊತ್ತಿತ್ತು. ಸುಳ್ಳ ಆಣಿ ಮಾಡಿದೆ. ನನ್ನ ಕ್ಷಮಾ ಮಾಡ್ರಿ."

ಆ ಗದ್ದಲದಲ್ಲಿ, ಅದೂ ಒಬ್ಬ ಕಿವುಡನಿಗೆ, ಕೇಳುವುದೇ ಇಲ್ಲ ಎಂದುಕೊಂಡಿದ್ದ. ಕುರಿ ಮೇಯಿಸುವ ಬಯಲಿನಲ್ಲಿ ಬೆಳೆದವನಿಗೆ ನೇಕಾರರು ತುಟಿ ಓದುವುದು ಹೇಗೆ ಗೊತ್ತಿರಬೇಕು?

ಮೊದಲು ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಅದರ ಹಿಂದೆಯೇ ಎಂಥದೋ ಹಿಗ್ಗು ಬಂತು, ಪ್ರೆಸ್ಕಾಡ್ ಅವರೇ. ಹತ್ತಿತ್ತು! ನನ್ನ ಕೈ ಸುಳ್ಳು ಹೇಳಿರಲಿಲ್ಲ. ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ. ಈ ಮಾತನ್ನು ಚಹಾದ ಅಂಗಡಿಯಲ್ಲಿ ಒಮ್ಮೆ ಆಡಿದರೆ ಸಾಕು, ಊರು ನನ್ನ ಕಡೆ ತಿರುಗುತ್ತದೆ, ಗ್ಲೌಸ್ ಮನೆಗೆ ನಡೆದುಕೊಂಡು ಬರುತ್ತದೆ. ಅವನ ಹೆಸರು ಪಟ್ಟಿಯಿಂದ ಹೋಗುತ್ತದೆ, ಅಷ್ಟೇ.

ನಾನು ಕಿವಿಯ ಹಿಂದೆ ಕೈ ಹಿಡಿದು, "ಏನಂದಿ?" ಎಂದೆ.

ಅವನು ಮುಖವನ್ನು ನನ್ನ ಮುಖದ ಹತ್ತಿರ ತಂದು ಕೂಗಿದ. "ಏನಿಲ್ರೀ ಕಾಕಾ, ಆರಾಮ ಇರ್ರಿ ಅಂದೆ!" ತಲೆಯಾಡಿಸಿದೆ. ಹಗುರಾದವನಂತೆ ನಡೆದು ಹೋದ. ನಾಳೆ ಅವನ ಮೊದಲ ಜಿಲ್ಲಾ ಪಂದ್ಯ.

ನಿಮ್ಮನ್ನು ಒಂದು ಕೇಳಬೇಕೆಂದಿದ್ದೆ. ಆ ಹನ್ನೊಂದನೆಯ ಟೆಸ್ಟಿನಲ್ಲಿ ಚೆಂಡು ನೆಲಕ್ಕೆ ತಾಗಿದ್ದು ನಿಮಗೆ ಖಾತ್ರಿಯಿತ್ತೇ, ಇಲ್ಲಾ ನನ್ನ ಹಾಗೆ ಬರೀ ಅನುಮಾನಕ್ಕೆ ಅಷ್ಟೆಲ್ಲ ಬಿಟ್ಟುಕೊಟ್ಟಿರಾ? ಬಸ್ ಓಡಿಸುವಾಗ ಅಂಗೈ ಎಂದಾದರೂ ನಿಮ್ಮನ್ನು ಬೈಯಿತೇ? ನನ್ನದು ದಿನಾ ಬೈಯುತ್ತದೆ. ಉತ್ತರ ಬರುವುದಿಲ್ಲ, ಗೊತ್ತು. ಈ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಡು ಎಂದು ಸ್ನೇಹಾಳಿಗೆ ಕೊಡುವಂತಿಲ್ಲ. ಅಪ್ಪನ ಪರವಾಗಿ ನಾಳೆಯೇ ಬೀಳಗಿಯ ಬಸ್ ಹತ್ತುವವಳು ಅವಳು. ಅದಕ್ಕೇ ಕನ್ನಡದಲ್ಲೇ ಅಂಚೆಗೆ ಹಾಕುತ್ತಿದ್ದೇನೆ. ಒಂದಕ್ಷರವೂ ನಿಮಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇಷ್ಟೂ ಹೇಳಿದ್ದು.

ನಿಮ್ಮ ಮೊಳಕಾಲು ನೋಯದಿರಲಿ, ಮುರಿದ ಬೆರಳುಗಳು ಚಳಿಗೆ ಸೆಳೆಯದಿರಲಿ. ದೇವರು ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ಆ ಕ್ಯಾಚ್ ಹಿಡಿದವನು,
ಪ್ರಭುಲಿಂಗ